ಎಡೆದೊರೆ ನಾಡು ಮತ್ತು ದ್ರಾಕ್ಷಾರಸ: ನೆಲ, ಹೆಸರು, ತೀರ್ಪು

ಕೃಷ್ಣಾ ತುಂಗಭದ್ರಾ ನದಿಗಳ ನಡುವಣ ಭೂಭಾಗವು ನಮ್ಮ ಶಾಸನಗಳಲ್ಲಿ ಎಡೆದೊರೆ ಎರಡು ಸಾಸಿರವೆಂದೂ, ಈಚಿನ ಇತಿಹಾಸ ಗ್ರಂಥಗಳಲ್ಲಿ ರಾಯಚೂರು ದೋಆಬವೆಂದೂ ಹೆಸರಾಗಿದೆ. ಸಿಂಧನೂರು, ಲಿಂಗಸುಗೂರು, ಮಸ್ಕಿಗಳು ಈ ಭೂಭಾಗದ ಒಡಲಿನಲ್ಲಿವೆ. ಇಲ್ಲಿಯ ಕೋಟೆ, ಶಾಸನ, ಯುದ್ಧ, ಚಿನ್ನದ ಗಣಿಗಳನ್ನು ಕುರಿತು ವಿದ್ವಾಂಸರು ಸಾಕಷ್ಟು ಬರೆದಿದ್ದಾರೆ. ಆದರೆ ದ್ರಾಕ್ಷಿ ಮತ್ತು ದ್ರಾಕ್ಷಾರಸಗಳ ಇತಿಹಾಸವು ಈ ನಾಡನ್ನು ಮೂರು ನಾಲ್ಕು ಕಡೆ ತಾಗಿ ಹೋಗುತ್ತದೆಂಬುದು ಅಷ್ಟಾಗಿ ಗಮನಕ್ಕೆ ಬಂದಿಲ್ಲ. ಪ್ರಕೃತ ಲೇಖನದಲ್ಲಿ ಆ ಅಂಶಗಳನ್ನು ಒಂದೆಡೆ ತಂದು, ದ್ರಾಕ್ಷಾರಸಕ್ಕೆ ಹೆಸರಾದ ಹಂಗೇರಿ ದೇಶದ ಅನುಭವದೊಡನೆ ಹೋಲಿಸಿ, ಒಂದು ನೆಲದ ಹೆಸರು ಒಂದು ಪದಾರ್ಥಕ್ಕೆ ಹೇಗೆ ಸಲ್ಲುತ್ತದೆ ಎಂಬ ಪ್ರಶ್ನೆಯನ್ನು ವಿಚಾರಿಸಲು ಯತ್ನಿಸುತ್ತೇವೆ. ಮದ್ಯಪಾನವನ್ನು ಸಮರ್ಥಿಸುವುದಾಗಲಿ ಖಂಡಿಸುವುದಾಗಲಿ ನಮ್ಮ ಉದ್ದೇಶವಲ್ಲ. ಇತಿಹಾಸದ ವಿದ್ಯಾರ್ಥಿಗೆ ಒಂದು ಬೆಳೆಯೂ ಒಂದು ಪಾನೀಯವೂ ಆಧಾರ ಸಾಮಗ್ರಿಗಳೇ ಎಂಬುದಷ್ಟೇ ನಮ್ಮ ನಿಲುವು.

೧. ಪ್ರಾಚೀನ ಆಧಾರಗಳು

ಮೊದಲು ಶಬ್ದದ ವಿಚಾರ. ದ್ರಾಕ್ಷಿಯ ಹಣ್ಣನ್ನು ಹಿಂಡಿ ಹುಳಿಯಿಸಿ ಮಾಡಿದ ಪಾನೀಯವನ್ನು ಇಂದು ಜನರು ವೈನು ಎನ್ನುತ್ತಾರೆ. ಕನ್ನಡ ಬೈಬಲ್ಲಿನಲ್ಲಿ ಇದೇ ಅರ್ಥಕ್ಕೆ ದ್ರಾಕ್ಷಾರಸವೆಂಬ ಮಾತು ನೆಲೆಗೊಂಡಿದೆ. ಆಯುರ್ವೇದದ ಅಂಗಡಿಗಳಲ್ಲಿ ಇಂದಿಗೂ ಸಿಕ್ಕುವ ದ್ರಾಕ್ಷಾಸವ, ದ್ರಾಕ್ಷಾರಿಷ್ಟಗಳು ಇದರ ಔಷಧರೂಪದ ದಾಯಾದಿಗಳು. ಎಡೆದೊರೆಯ ಹಳ್ಳಿಗಳಲ್ಲಿ ಬಹುಕಾಲ ಬಳಕೆಯಲ್ಲಿದ್ದುದು ಈಚಲು ಮರದ ಸಿಂದಿಯೇ ಹೊರತು ದ್ರಾಕ್ಷಾರಸವಲ್ಲ. ಈ ಭೇದವನ್ನು ನೆನಪಿನಲ್ಲಿಡುವುದು ಅವಶ್ಯಕ; ಏಕೆಂದರೆ ಗ್ರಂಥಗಳಲ್ಲಿ ಕಾಣುವ ಮದ್ಯವೆಲ್ಲವೂ ದ್ರಾಕ್ಷಿಯದೆಂದು ಭಾವಿಸುವುದು ತಪ್ಪಾಗುತ್ತದೆ.

ಮಸ್ಕಿಯ ಬಂಡೆಗಲ್ಲಿನ ಮೇಲಿನ ಶಾಸನವು ೧೯೧೫ರಲ್ಲಿ ಬೀಡನ್ ಎಂಬ ಚಿನ್ನದ ಗಣಿಯ ಇಂಜಿನಿಯರರ ಕಣ್ಣಿಗೆ ಬಿದ್ದಿತು. ಅಲ್ಲಿಯವರೆಗೆ ದೇವಾನಾಂಪ್ರಿಯನೆಂಬ ಬಿರುದಿನಿಂದಲೇ ಪರಿಚಿತನಾಗಿದ್ದ ದೊರೆಯು ಅಶೋಕನೇ ಎಂಬುದು ಈ ಶಾಸನದಿಂದ ಸಿದ್ಧವಾಯಿತೆಂಬುದು ಸರ್ವವಿದಿತ. ಈ ಅಶೋಕನ ತಂದೆಯಾದ ಬಿಂದುಸಾರನು ಸಿರಿಯಾ ದೇಶದ ಅಂತಿಯೋಕಸನಿಗೆ ಪತ್ರ ಬರೆದು ಸಿಹಿ ದ್ರಾಕ್ಷಾರಸವನ್ನೂ ಒಣ ಅಂಜೂರವನ್ನೂ ಒಬ್ಬ ತತ್ತ್ವವಾದಿಯನ್ನೂ ಕಳುಹಿಸಬೇಕೆಂದು ಕೇಳಿದನೆಂಬ ಕಥೆ ಗ್ರೀಕ್ ಲೇಖಕ ಅಥೆನಾಯಸನ ಗ್ರಂಥದಲ್ಲಿ ಉಳಿದಿದೆ. ಮೊದಲಿನ ಎರಡನ್ನು ಕಳುಹಿಸಬಹುದು, ತತ್ತ್ವವಾದಿಗಳನ್ನು ಮಾರುವುದು ಗ್ರೀಕರ ಪದ್ಧತಿಯಲ್ಲ ಎಂದು ಉತ್ತರ ಬಂದಿತಂತೆ. ಕಥೆಯಲ್ಲಿ ವಿನೋದದ ಅಂಶವೇ ಹೆಚ್ಚಾಗಿರಬಹುದು. ಆದರೂ ದ್ರಾಕ್ಷಾರಸವೆಂಬುದು ದೂರದಿಂದ ತರಿಸಿಕೊಳ್ಳತಕ್ಕ ವಸ್ತುವೆಂಬ ಭಾವನೆ ಅದರಲ್ಲಿ ಸ್ಪಷ್ಟವಾಗಿದೆ.

ಕೌಟಿಲ್ಯನ ಅರ್ಥಶಾಸ್ತ್ರವೂ ಇದನ್ನೇ ಸೂಚಿಸುತ್ತದೆ. ಸುರಾಧ್ಯಕ್ಷನ ಪ್ರಕರಣದಲ್ಲಿ ಮೇದಕ, ಪ್ರಸನ್ನಾ, ಆಸವ, ಅರಿಷ್ಟ, ಮೈರೇಯ, ಮಧು ಎಂದು ಮದ್ಯಗಳನ್ನು ಎಣಿಸಿ, ದ್ರಾಕ್ಷಿಯ ರಸವೇ ಮಧುವೆಂದೂ ಅದು ಹುಟ್ಟಿದ ದೇಶದಿಂದ ಕಾಪಿಶಾಯನ, ಹಾರಹೂರಕ ಎಂಬ ಹೆಸರುಗಳನ್ನು ಪಡೆಯುತ್ತದೆಂದೂ ಹೇಳಿದೆ. ಕಪಿಶಾ ಎಂಬುದು ಇಂದಿನ ಆಫ್ಘಾನಿಸ್ಥಾನದ ಪ್ರದೇಶ. ಗ್ರಂಥದ ಕಾಲದ ವಿಷಯದಲ್ಲಿ ಭಿನ್ನಾಭಿಪ್ರಾಯಗಳಿವೆಯಾದರೂ, ಇಲ್ಲಿ ನಾವು ಗಮನಿಸತಕ್ಕ ಅಂಶ ಬೇರೆ. ಇತರ ಮದ್ಯಗಳಿಗೆ ಮಾಡುವ ಕ್ರಮದಿಂದ ಹೆಸರು ಬಂದಿದೆ. ದ್ರಾಕ್ಷಿಯದಕ್ಕೆ ಮಾತ್ರ ಹುಟ್ಟಿದ ನೆಲದಿಂದ ಹೆಸರು ಬಂದಿದೆ. ನೆಲದ ಹೆಸರಿನಿಂದ ದ್ರಾಕ್ಷಾರಸವನ್ನು ಗುರುತಿಸುವ ಪದ್ಧತಿಯನ್ನು ಯೂರೋಪಿನಿಂದ ಬಂದ ಹೊಸತೆಂದು ಹೇಳುವವರು ಈ ಮಾತನ್ನು ನೋಡಬೇಕು.

ಕಲ್ಯಾಣದ ಚಾಲುಕ್ಯರ ಕಾಲದಲ್ಲಿ ಎಡೆದೊರೆ ನಾಡು ಅವರ ಆಳ್ವಿಕೆಗೆ ಒಳಪಟ್ಟಿತ್ತು. ಮೂರನೆಯ ಸೋಮೇಶ್ವರನು ಹನ್ನೆರಡನೆಯ ಶತಮಾನದ ಪೂರ್ವಾರ್ಧದಲ್ಲಿ ರಚಿಸಿದ ಮಾನಸೋಲ್ಲಾಸದಲ್ಲಿ ಮದಿರಾಪಾನವು ರಾಜವಿನೋದಗಳಲ್ಲಿ ಒಂದಾಗಿ ವರ್ಣಿತವಾಗಿದೆ. ಅರಮನೆಯ ವಿನೋದವನ್ನು ನಾಡಿನ ಬೇಸಾಯಕ್ಕೆ ಸಾಕ್ಷಿಯೆಂದು ತೆಗೆದುಕೊಳ್ಳಲಾಗದು. ವಿಜಯನಗರಕ್ಕೆ ಬಂದ ಪೋರ್ತುಗೀಜ ಪ್ರವಾಸಿ ಪಾಯೆಸನು ಅಲ್ಲಿಯ ಪೇಟೆಯಲ್ಲಿ ಕಿತ್ತಳೆ, ನಿಂಬೆ, ದಾಳಿಂಬೆ, ಮಾವುಗಳೊಡನೆ ದ್ರಾಕ್ಷಿಯೂ ಹೇರಳವಾಗಿ ಅಗ್ಗವಾಗಿ ದೊರೆಯುತ್ತಿತ್ತೆಂದು ಬರೆದಿದ್ದಾನೆ. ಹಣ್ಣು ತುಂಗಭದ್ರೆಯ ದಂಡೆಗೆ ಹೊಸದಾಗಿರಲಿಲ್ಲವೆಂಬುದಕ್ಕೆ ಇದು ಬಲವಾದ ಸಾಕ್ಷ್ಯ.

೨. ಮುದಗಲ್ಲು, ರಾಯಚೂರು ಮತ್ತು ಫಿರಿಸ್ತಾನ ಎರಡು ಕಥೆಗಳು

ದ್ರಾಕ್ಷಾರಸವು ಎಡೆದೊರೆಯ ರಾಜಕೀಯ ಇತಿಹಾಸದಲ್ಲಿ ಎರಡು ಸಲ ಪ್ರಮುಖವಾಗಿ ಕಾಣಿಸಿಕೊಳ್ಳುತ್ತದೆ. ಎರಡೂ ಸಂದರ್ಭಗಳಿಗೆ ಆಧಾರ ಫಿರಿಸ್ತಾನೇ. ಇವನು ೧೫೮೯ರಲ್ಲಿ ಬಿಜಾಪುರಕ್ಕೆ ಬಂದು ಆದಿಲಶಾಹಿಯ ಆಶ್ರಯದಲ್ಲಿ ತನ್ನ ಇತಿಹಾಸವನ್ನು ಬರೆದವನು.

ಮೊದಲನೆಯದು ೧೩೬೬ರ ಯುದ್ಧ. ಬಹಮನಿ ಸುಲ್ತಾನ ಒಂದನೆಯ ಮಹಮ್ಮದ್ ಶಹನು ಪಾನಗೋಷ್ಠಿಯೊಂದರಲ್ಲಿ ಗಾಯಕರ ಹಾಡಿಗೆ ಮೆಚ್ಚಿ, ಅವರಿಗೆ ಕೊಡತಕ್ಕ ಹಣವನ್ನು ವಿಜಯನಗರದ ಭಂಡಾರದಿಂದ ಪಡೆಯುವಂತೆ ಹುಂಡಿ ಬರೆಯಿಸಿದನಂತೆ. ಹುಂಡಿ ತಂದವನನ್ನು ರಾಯನು ಕತ್ತೆಯ ಮೇಲೆ ಕೂಡಿಸಿ ಅವಮಾನಪಡಿಸಿ ಕಳುಹಿಸಿದನು. ತುಂಗಭದ್ರೆಯನ್ನು ದಾಟಿ ಬಂದು ಮುದಗಲ್ಲಿನ ಕೋಟೆಯನ್ನು ಹಿಡಿದು ಕಾವಲು ಪಡೆಯನ್ನು ಕೊಲ್ಲಿಸಿದನು. ಸುದ್ದಿ ಹೇಳಲು ಒಬ್ಬನೇ ಉಳಿದನು ಎಂದು ಫಿರಿಸ್ತಾ ಬರೆಯುತ್ತಾನೆ. ಅನಂತರ ನಡೆದ ಯುದ್ಧದ ಕ್ರೌರ್ಯವು ಪ್ರಸಿದ್ಧವೇ ಆಗಿದೆ. ಈ ರಾಯನನ್ನು ಫಿರಿಸ್ತಾ ಕಿಶನ್ ರಾಯನೆಂದು ಕರೆದಿದ್ದಾನೆ. ಆದರೆ ಆಗ ಆಳುತ್ತಿದ್ದವನು ಒಂದನೆಯ ಬುಕ್ಕ. ಹೆಸರಿನಲ್ಲಿಯೇ ತಪ್ಪಿರುವ ಕಥೆಯ ವಿವರಗಳನ್ನು ಎಚ್ಚರದಿಂದ ಸ್ವೀಕರಿಸಬೇಕಾಗುತ್ತದೆ.

ಎರಡನೆಯದು ೧೫೨೦ರ ರಾಯಚೂರು ಯುದ್ಧ. ಇಸ್ಮಾಯಿಲ್ ಆದಿಲಶಹನು ಕೃಷ್ಣಾ ತೀರದಲ್ಲಿ ಪಾಳೆಯ ಬಿಟ್ಟಿದ್ದಾಗ, ಪಾನದ ಮತ್ತಿನಲ್ಲಿ ಆನೆಗಳ ಮೇಲೆ ಸೈನ್ಯವನ್ನು ಹೊಳೆ ದಾಟಿಸಲು ಆಜ್ಞೆ ಮಾಡಿ, ಅಲ್ಪ ಸೈನ್ಯದೊಡನೆ ಆಚೆಯ ದಡಕ್ಕೆ ಹೋಗಿ ಸೋತನೆಂದು ಫಿರಿಸ್ತಾ ಹೇಳುತ್ತಾನೆ. ಬಳಿಕ ಸುಲ್ತಾನನು ರಾಯಚೂರು ಮುದಗಲ್ಲುಗಳನ್ನು ಮರಳಿ ಗೆಲ್ಲುವವರೆಗೆ ಮದ್ಯವನ್ನು ಮುಟ್ಟುವುದಿಲ್ಲವೆಂದು ವ್ರತ ತೊಟ್ಟನು. ಕೃಷ್ಣದೇವರಾಯನು ೧೫೨೯ರಲ್ಲಿ ತೀರಿದ ಮೇಲೆ ಎರಡು ಕೋಟೆಗಳೂ ಕೈಸೇರಲು, ಸರದಾರರ ಪ್ರಾರ್ಥನೆಯಂತೆ ದೊಡ್ಡ ಉತ್ಸವ ಮಾಡಿ ವ್ರತವನ್ನು ಮುಗಿಸಿದನು.

ಇದೇ ಯುದ್ಧವನ್ನು ವರ್ಣಿಸುವ ಪೋರ್ತುಗೀಜ ನೂನಿಜನು ಸುಲ್ತಾನನ ಸೋಲಿಗೆ ಪಾನವನ್ನು ಕಾರಣವಾಗಿ ಹೇಳುವುದಿಲ್ಲ. ಫಿರಂಗಿಗಳನ್ನು ಒಮ್ಮೆಲೇ ಹಾರಿಸಿದ್ದು, ಅನಂತರ ರಾಯನೇ ಮುಂದೆ ನಿಂತು ಸೈನ್ಯವನ್ನು ತಿರುಗಿಸಿದ್ದು, ಕೋಟೆಯ ಮುತ್ತಿಗೆಯಲ್ಲಿ ಪೋರ್ತುಗೀಜ ಬಂದೂಕುದಾರರು ನೆರವಾದುದು ಇವೇ ಅವನ ವರ್ಣನೆಯ ಮುಖ್ಯಾಂಶಗಳು. ಎರಡು ವರದಿಗಳನ್ನು ಜೊತೆಗಿಟ್ಟು ನೋಡಿದರೆ, ಬಿಜಾಪುರದ ಆಸ್ಥಾನಕ್ಕೆ ಪಾನದ ಕಥೆ ಏಕೆ ಒಪ್ಪಿತವಾಯಿತೆಂಬುದು ತಿಳಿಯುತ್ತದೆ. ಶತ್ರುವಿನ ಶೌರ್ಯಕ್ಕೆ ಸೋತೆವೆನ್ನುವುದಕ್ಕಿಂತ ಒಂದು ಗಳಿಗೆಯ ಮತ್ತಿಗೆ ಸೋತೆವೆನ್ನುವುದು ಮಾನ ಉಳಿಸುವ ಮಾತು. ಮತ್ತು ಇಳಿಯುತ್ತದೆ, ವ್ರತ ತೊಡಬಹುದು, ಕೋಟೆಯನ್ನು ಮರಳಿ ಪಡೆಯಬಹುದು.

ಇದೇ ಶತಮಾನದ ಹಂಗೇರಿಯಲ್ಲಿ ಇದಕ್ಕೆ ತದ್ವಿರುದ್ಧವಾದ ಕಥೆಯೊಂದು ಸಿಕ್ಕುತ್ತದೆ. ೧೫೫೨ರಲ್ಲಿ ತುರ್ಕರು ಎಗೆರ್ ಕೋಟೆಯನ್ನು ಮುತ್ತಿದರು. ಇಷ್ತ್ವಾನ್ ದೋಬೋ ಎಂಬ ನಾಯಕನ ಕೈಕೆಳಗಿನ ಸಣ್ಣ ಪಡೆಯು ಅವರನ್ನು ಹಿಮ್ಮೆಟ್ಟಿಸಿತು. ಕೋಟೆಯವರು ಕೆಂಪು ದ್ರಾಕ್ಷಾರಸವನ್ನು ಕುಡಿದು ಕಾದಾಡಿದರು, ಅವರ ಗಡ್ಡಗಳು ಕೆಂಪಾದುದನ್ನು ಕಂಡ ತುರ್ಕರು ಗೂಳಿಯ ರಕ್ತವನ್ನು ಕುಡಿದು ಬಂದಿದ್ದಾರೆಂದು ಹೆದರಿದರು ಎಂಬುದು ಐತಿಹ್ಯ. ಎಗೆರಿನ ಕೆಂಪು ದ್ರಾಕ್ಷಾರಸಕ್ಕೆ ಇಂದಿಗೂ ಗೂಳಿಯ ರಕ್ತವೆಂಬರ್ಥದ ಬಿಕಾವೇರ್ ಎಂಬ ಹೆಸರಿದೆ. ಆದರೆ ಈ ಹೆಸರಿನ ಬಳಕೆಗೆ ಆಧಾರ ದೊರೆಯುವುದು ಹತ್ತೊಂಬತ್ತನೆಯ ಶತಮಾನದಿಂದೀಚೆಗೆ. ಅಲ್ಲಿ ಗೆಲುವಿಗೆ, ಇಲ್ಲಿ ಸೋಲಿಗೆ ದ್ರಾಕ್ಷಾರಸವು ಕಾರಣವಾಗಿ ನಿಂತಿದೆ. ಎರಡು ಕಡೆಯೂ ಅದು ಕಥೆ ಹೇಳುವವರ ಅವಶ್ಯಕತೆಗೆ ಒದಗಿದ ಸಾಧನ. ವ್ಯತ್ಯಾಸವಿಷ್ಟೇ: ಎಗೆರಿನವರು ತಮ್ಮ ಕಥೆಯನ್ನು ತಮ್ಮ ತೋಟದ ಫಸಲಿಗೆ ಕಟ್ಟಿಕೊಂಡರು, ಎಡೆದೊರೆಯ ಕಥೆಗೆ ಕಟ್ಟಿಕೊಳ್ಳಲು ತೋಟವಿರಲಿಲ್ಲ.

೩. ಎಲ್ಲೆಕಟ್ಟು ಮತ್ತು ಹೆಸರಿನ ಹಕ್ಕು

ಹಂಗೇರಿಯಲ್ಲಿ ದ್ರಾಕ್ಷಾರಸದ ಪ್ರಾಂತಗಳು ಇಪ್ಪತ್ತೆರಡೆಂದು ಎಣಿಸುವುದು ವಾಡಿಕೆ. ಇವುಗಳಲ್ಲಿ ಅಗ್ರಗಣ್ಯವಾದುದು ಈಶಾನ್ಯದ ತೊಕಾಯ್. ಹಳೆಯ ಜ್ವಾಲಾಮುಖಿಗಳಿಂದಾದ ಗುಡ್ಡಗಳು, ಎರಡು ನದಿಗಳ ಸಂಗಮ, ಶರತ್ಕಾಲದ ಬೆಳಗಿನ ಮಂಜು ಇವು ಕೂಡಿ ಅಲ್ಲಿ ಒಂದು ವಿಶೇಷ ನಡೆಯುತ್ತದೆ. ಮಂಜಿನ ತೇವದಲ್ಲಿ ಹಣ್ಣಿನ ಮೇಲೆ ಒಂದು ಬಗೆಯ ಬೂಷ್ಟು ಹಿಡಿಯುತ್ತದೆ. ಮಧ್ಯಾಹ್ನದ ಬಿಸಿಲಿಗೆ ಹಣ್ಣು ಗಿಡದ ಮೇಲೆಯೇ ಬಾಡಿ, ನೀರು ಆರಿ, ಸಕ್ಕರೆ ಗಟ್ಟಿಯಾಗುತ್ತದೆ. ಈ ಬಾಡಿದ ಹಣ್ಣುಗಳನ್ನು ಒಂದೊಂದಾಗಿ ಆರಿಸಿ ಮಾಡಿದ ಸಿಹಿ ದ್ರಾಕ್ಷಾರಸಕ್ಕೆ ಅಸೂ ಎಂದು ಹೆಸರು. ಫುರ್ಮಿಂಟ್, ಹಾರ್ಶ್‌ಲೆವೆಲ್ಯೂ ಎಂಬುವು ಇದಕ್ಕೆ ಮುಖ್ಯವಾದ ತಳಿಗಳು. ಕೆಂಪು ಜಾತಿಯಲ್ಲಿ ಕೇಕ್‌ಫ್ರಾಂಕೋಶ್, ಕದಾರ್ಕಾಗಳು ಪ್ರಸಿದ್ಧ.

೧೭೩೭ರಲ್ಲಿ ರಾಜಾಜ್ಞೆಯ ಮೂಲಕ ತೊಕಾಯ್ ಪ್ರಾಂತಕ್ಕೆ ಎಲ್ಲೆ ಕಟ್ಟಲಾಯಿತು. ಯಾವ ಊರುಗಳ ಫಸಲಿಗೆ ಆ ಹೆಸರು ಸಲ್ಲಬೇಕು, ಯಾವುವಕ್ಕೆ ಸಲ್ಲದು ಎಂಬುದನ್ನು ಕಾನೂನಿನಿಂದ ಗೊತ್ತುಪಡಿಸಿದ ಮೊದಮೊದಲಿನ ದೃಷ್ಟಾಂತಗಳಲ್ಲಿ ಇದೊಂದು. ಹೆಸರಿನ ಹಕ್ಕು ಎಷ್ಟು ಗಟ್ಟಿಯಾದುದೆಂಬುದು ಬಹಳ ಕಾಲದ ಮೇಲೆ ತಿಳಿದುಬಂದಿತು. ಇಟಲಿಯ ಫ್ರಿಯೂಲಿ ಪ್ರಾಂತದವರು ತಮ್ಮ ಬೇರೊಂದು ತಳಿಯ ದ್ರಾಕ್ಷಾರಸವನ್ನು ತೊಕಾಯಿ ಎಂದು ಕರೆಯುತ್ತಿದ್ದರು. ೧೯೯೩ರಲ್ಲಿ ಯೂರೋಪಿನ ಸಮುದಾಯಕ್ಕೂ ಹಂಗೇರಿಗೂ ಆದ ಒಪ್ಪಂದವು ಈ ಬಳಕೆಗೆ ಗಡುವು ಹಾಕಿತು. ಇಟಲಿಯವರ ವಾದವನ್ನು ಯೂರೋಪಿನ ನ್ಯಾಯಾಲಯವು ೨೦೦೫ರಲ್ಲಿ ಒಪ್ಪಲಿಲ್ಲ. ೨೦೦೭ರಲ್ಲಿ ಅವರು ಹೆಸರನ್ನು ಬಿಡಬೇಕಾಯಿತು. ಆದರೆ ಹೆಸರು ಒಂದೇ ಗುಣವನ್ನು ಕಾಪಾಡಲಾರದು. ಎರಡನೆಯ ಮಹಾಯುದ್ಧದ ಅನಂತರ ಹಂಗೇರಿಯ ತೋಟಗಳು ಸರ್ಕಾರದ ಒಡೆತನಕ್ಕೆ ಬಂದಾಗ ಪ್ರಮಾಣಕ್ಕೆ ಪ್ರಾಧಾನ್ಯ ಬಂದು ಗುಣ ಕುಂದಿತು. ೧೯೯೦ರ ಈಚೆಗೆ ಅದನ್ನು ಮರಳಿ ಎತ್ತುವ ಕೆಲಸ ನಡೆಯಿತು.

ನಮ್ಮ ದೇಶದಲ್ಲಿ ಈ ಬಗೆಯ ಹಕ್ಕು ೧೯೯೯ರ ಭೌಗೋಳಿಕ ಸೂಚಕಗಳ ಕಾಯಿದೆಯಿಂದ ದೊರೆಯಿತು. ಲಿಂಗಸುಗೂರಿಗೆ ನೆರೆಯದಾದ ಇಳಕಲ್ಲಿನ ಸೀರೆಗೆ ಈ ಕಾಯಿದೆಯ ರಕ್ಷಣೆ ದೊರೆತಿರುವುದನ್ನು ವಿದ್ಯಾರ್ಥಿಗಳು ಬಲ್ಲರು. ನಾಸಿಕ ಕಣಿವೆಯ ವೈನಿಗೂ, ೨೦೧೩ರಲ್ಲಿ ಬೆಂಗಳೂರು ನೀಲಿ ದ್ರಾಕ್ಷಿಗೂ ಅದೇ ಮಾನ್ಯತೆ ಸಿಕ್ಕಿದೆ.

೪. ಕರ್ನಾಟಕದ ತಳಿಗಳು

ಬೆಂಗಳೂರು ನೀಲಿ ಎಂಬುದು ಅಮೆರಿಕದ ಜಾತಿಯ ಸಂಬಂಧವುಳ್ಳ ತಳಿ. ದಪ್ಪ ಸಿಪ್ಪೆ, ಕಟುವಾದ ಪರಿಮಳ, ರೋಗ ತಡೆಯುವ ಶಕ್ತಿ ಇದರ ಲಕ್ಷಣಗಳು. ಬೆಂಗಳೂರು ಗ್ರಾಮಾಂತರ, ಚಿಕ್ಕಬಳ್ಳಾಪುರ, ಕೋಲಾರ ಪ್ರಾಂತಗಳಲ್ಲಿ ಇದು ವರ್ಷಕ್ಕೆ ಎರಡು ಫಸಲು ಕೊಡುತ್ತದೆ. ತಿನ್ನುವುದಕ್ಕೂ ರಸಕ್ಕೂ ಸಿಹಿ ವೈನಿಗೂ ಬಳಕೆಯಲ್ಲಿದೆ. ಅನಾಬ್-ಎ-ಶಾಹಿ ಎಂಬ ಬಿಳಿ ತಳಿಯು ಹತ್ತೊಂಬತ್ತನೆಯ ಶತಮಾನದ ಕೊನೆಯಲ್ಲಿ ಹೈದರಾಬಾದಿನಲ್ಲಿ ಬೇರೂರಿತು. ಆಗ ರಾಯಚೂರು ಅದೇ ಸಂಸ್ಥಾನದ ಜಿಲ್ಲೆಯಾಗಿದ್ದುದರಿಂದ ಈ ತಳಿಯನ್ನು ನಮ್ಮ ನಾಡಿನ ಹಳೆಯ ನೆರೆಯವನೆನ್ನಬಹುದು. ಅದರ ಒಂದು ಆಯ್ಕೆಯೇ ದಿಲ್‌ಖುಷ್. ವಿಜಯಪುರದ ಕಡೆ ಥಾಮ್ಸನ್ ಸೀಡ್‌ಲೆಸ್ ಮತ್ತು ಅದರಿಂದ ಬಂದ ಬೀಜರಹಿತ ತಳಿಗಳು ಹಬ್ಬಿ ಒಣದ್ರಾಕ್ಷಿಯ ಉದ್ಯಮಕ್ಕೆ ಆಧಾರವಾಗಿವೆ. ಹೆಸರಘಟ್ಟದ ತೋಟಗಾರಿಕೆಯ ಸಂಶೋಧನ ಸಂಸ್ಥೆಯು ಬೆಂಗಳೂರು ನೀಲಿಯನ್ನು ಬೇರೆ ತಳಿಗಳೊಡನೆ ಕೂಡಿಸಿ ಅರ್ಕಾ ಶ್ಯಾಮ್, ಅರ್ಕಾ ತೃಷ್ಣಾ ಮೊದಲಾದುವನ್ನು ಸೃಷ್ಟಿಸಿದೆ.

ವೈನಿಗೆಂದೇ ಬೆಳೆಯುವ ಕ್ಯಾಬರ್ನೆ ಸೊವಿನ್ಯೊ, ಶಿರಾಜ್, ಸೊವಿನ್ಯೊ ಬ್ಲಾಂ, ಶೆನಿನ್ ಬ್ಲಾಂ ಮುಂತಾದ ತಳಿಗಳು ಕರ್ನಾಟಕದಲ್ಲಿ ನೆಲೆಯೂರಿದ್ದು ೧೯೮೮ರಲ್ಲಿ ದೊಡ್ಡಬಳ್ಳಾಪುರದ ಬಳಿ, ನಂದಿ ಬೆಟ್ಟದ ತಪ್ಪಲಿನಲ್ಲಿ ಸ್ಥಾಪಿತವಾದ ಗ್ರೋವರ್ ತೋಟದಿಂದ ಎನ್ನಬಹುದು. ೨೦೦೭ರಲ್ಲಿ ರಾಜ್ಯ ಸರ್ಕಾರವು ದ್ರಾಕ್ಷಿ ಸಂಸ್ಕರಣೆ ಮತ್ತು ವೈನ್ ನೀತಿಯನ್ನು ಪ್ರಕಟಿಸಿ ವೈನ್ ಮಂಡಳಿಯನ್ನು ಸ್ಥಾಪಿಸಿತು. ಅಂದಿನಿಂದ ನಂದಿ ಕಣಿವೆ, ಕೃಷ್ಣಾ ಕಣಿವೆ ಎಂಬ ಹೆಸರುಗಳು ಬಳಕೆಗೆ ಬಂದುವು.

ನಮ್ಮ ಉಷ್ಣ ದೇಶದ ಬೇಸಾಯಕ್ಕೂ ಹಂಗೇರಿಯದಕ್ಕೂ ಮೂಲಭೂತವಾದ ಒಂದು ಭೇದವುಂಟು. ಅಲ್ಲಿ ಚಳಿಗಾಲದಲ್ಲಿ ಬಳ್ಳಿ ಎಲೆಯುದುರಿಸಿ ನಿದ್ರಿಸುತ್ತದೆ. ಇಲ್ಲಿ ಬಳ್ಳಿಗೆ ನಿದ್ರೆಯೇ ಇಲ್ಲ. ಆದ್ದರಿಂದ ಉತ್ತರ ಕರ್ನಾಟಕದ ರೈತನು ವರ್ಷಕ್ಕೆ ಎರಡು ಸಲ ಚಾಟನಿ ಮಾಡುತ್ತಾನೆ. ಏಪ್ರಿಲಿನ ಸುಮಾರಿಗೆ ಕಡ್ಡಿ ಬೆಳೆಯಲೆಂದು ಒಮ್ಮೆ, ಅಕ್ಟೋಬರಿನ ಸುಮಾರಿಗೆ ಹಣ್ಣಿಗೆಂದು ಇನ್ನೊಮ್ಮೆ. ಫಸಲು ಬರುವುದು ಫೆಬ್ರುವರಿ ಮಾರ್ಚಿಯಲ್ಲಿ. ಮಳೆಗಾಲ ಮುಗಿದ ಮೇಲೆ ಹಣ್ಣು ಕಟ್ಟುವುದರಿಂದ ಒಣ ಹವೆಯ ಅನುಕೂಲ ಸಿಕ್ಕುತ್ತದೆ. ಋತುವನ್ನು ನಿರ್ಣಯಿಸುವುದು ಅಲ್ಲಿ ಹಿಮ, ಇಲ್ಲಿ ಕತ್ತರಿ.

೫. ಎರೆ, ಮಸಾರಿ ಮತ್ತು ಕಾಲುವೆ

ಹಾಗಾದರೆ ಸಿಂಧನೂರು, ಲಿಂಗಸುಗೂರು, ಮಸ್ಕಿಗಳ ಸ್ಥಾನವೇನು? ಇದಕ್ಕೆ ಒಂದೇ ಉತ್ತರವಿಲ್ಲ. ಏಕೆಂದರೆ ಈ ಮೂರು ತಾಲ್ಲೂಕುಗಳ ನೆಲ ಒಂದೇ ಅಲ್ಲ.

ಸಿಂಧನೂರಿನದು ಬಹುಮಟ್ಟಿಗೆ ಆಳವಾದ ಎರೆ ಭೂಮಿ. ೧೯೫೩ರಲ್ಲಿ ತುಂಗಭದ್ರಾ ಜಲಾಶಯದಿಂದ ನೀರು ಹರಿಯತೊಡಗಿದ ಮೇಲೆ ಎಡದಂಡೆ ಕಾಲುವೆಯು ಇಲ್ಲಿಯ ಜೋಳ ಹತ್ತಿಗಳ ಹೊಲಗಳನ್ನು ಭತ್ತದ ಗದ್ದೆಗಳನ್ನಾಗಿ ಮಾಡಿತು. ನೀರಿನೊಡನೆ ಸವಳು ಜವಳುಗಳೂ ಬಂದುವು. ದ್ರಾಕ್ಷಿಯ ಬೇರು ನಿಂತ ನೀರನ್ನು ಸಹಿಸದು. ಉಪ್ಪನ್ನಂತೂ ಸಹಿಸಲೇ ಆರದು. ಉಪ್ಪು ತಡೆಯುವ ಡಾಗ್‌ರಿಡ್ಜ್ ಎಂಬ ಕಾಡು ಬಳ್ಳಿಯ ಬೇರಿನ ಮೇಲೆ ಕಸಿ ಮಾಡುವ ಪದ್ಧತಿಯುಂಟಾದರೂ, ಭತ್ತದ ನೆರೆಯಲ್ಲಿ ದ್ರಾಕ್ಷಿ ನಿಲ್ಲುವುದು ಕಷ್ಟ. ಲಿಂಗಸುಗೂರು, ಮಸ್ಕಿಗಳ ಕಡೆ ಎರೆಯ ನಡುನಡುವೆ ಕೆಂಪು ಮಸಾರಿ, ಗರಸು ನೆಲ, ಕಲ್ಲುಗುಡ್ಡಗಳು ಕಾಣುತ್ತವೆ. ಹಟ್ಟಿಯ ಚಿನ್ನವನ್ನು ಹೊತ್ತಿರುವ ಅತಿ ಪ್ರಾಚೀನ ಶಿಲಾಪಟ್ಟಿಯು ಇಲ್ಲಿ ಹಾದುಹೋಗುತ್ತದೆ. ನೀರು ಬಸಿದುಹೋಗುವ ಇಂಥ ಬಡ ನೆಲವೇ ಬಳ್ಳಿಗೆ ಹಿತ. ಭತ್ತಕ್ಕೆ ಯಾವುದು ದೋಷವೋ ದ್ರಾಕ್ಷಿಗೆ ಅದೇ ಗುಣ.

ಇದು ಬರಿಯ ಊಹೆಯಲ್ಲ. ಲಿಂಗಸುಗೂರಿಗೆ ಪಶ್ಚಿಮದಲ್ಲಿ ತಗಲಿಕೊಂಡಿರುವ ಕುಷ್ಟಗಿ ತಾಲ್ಲೂಕಿನಲ್ಲಿ, ಹನುಮಸಾಗರದ ಕಡೆ, ಕ್ಯಾಬರ್ನೆ ಸೊವಿನ್ಯೊ ಮೊದಲಾದ ತಳಿಗಳ ತೋಟವೊಂದು ಈ ಶತಮಾನದಲ್ಲಿ ತಲೆಯೆತ್ತಿ ಹೆಸರು ಮಾಡಿದೆ. ಅಲ್ಲಿಯ ವೈನಿನೊಡನೆ ಬಳಕೆಯಾಗುವ ಸ್ಥಳನಾಮ ಹಂಪಿ ಹಿಲ್ಸ್ ಎಂಬುದು. ಹಂಪೆಯ ಕೀರ್ತಿಯು ಜಗದ್ವಿಖ್ಯಾತವಾದುದು. ಆದ್ದರಿಂದ ಈ ಆಯ್ಕೆ ಸಹಜವೇ. ನಾವು ಇದನ್ನು ಆಕ್ಷೇಪಿಸುತ್ತಿಲ್ಲ. ಆದರೆ ಇತಿಹಾಸದ ವಿದ್ಯಾರ್ಥಿಗೆ ಇಲ್ಲಿ ಒಂದು ವಿಚಾರ ಹೊಳೆಯದಿರದು. ಹನುಮಸಾಗರ, ಮುದಗಲ್ಲು, ಮಸ್ಕಿಗಳ ಕಲ್ಲುನೆಲಕ್ಕೆ ಎಡೆದೊರೆ ಎಂಬ ತನ್ನದೇ ಹೆಸರು ಶಾಸನಗಳಲ್ಲಿದೆ. ಅದನ್ನು ಬಲ್ಲವರು ಇಂದು ವಿರಳ. ನೆಲಕ್ಕೆ ಗುಣವಿದ್ದೂ ಅದರ ಹೆಸರು ಮರೆತುಹೋದರೆ, ಆ ಗುಣದ ಕೀರ್ತಿಯು ನೆರೆಯ ಹೆಸರಿಗೆ ಸೇರುತ್ತದೆ. ತೊಕಾಯಿನವರು ೧೭೩೭ರಲ್ಲಿ ಎಲ್ಲೆ ಕಟ್ಟಿಕೊಂಡುದರ ಫಲವನ್ನು ೨೦೦೭ರಲ್ಲಿ ಉಂಡರು. ಹೆಸರನ್ನು ಉಳಿಸುವುದು ರೈತನ ಕೆಲಸ ಮಾತ್ರವಲ್ಲ, ದಾಖಲೆಗಳನ್ನು ಓದಬಲ್ಲವರ ಕೆಲಸವೂ ಹೌದು.

೬. ತೀರ್ಪಿನ ಕ್ರಮ

ಹೆಸರಿದ್ದರೂ ಗುಣವುಂಟೆಂದು ನಿರ್ಣಯಿಸುವವರಾರು? ಈ ಪ್ರಶ್ನೆಗೆ ಉತ್ತರವೇ ಸ್ಪರ್ಧೆ. ಹಂಗೇರಿಯಲ್ಲಿ ಪ್ರಾಂತಮಟ್ಟದಲ್ಲಿಯೂ ರಾಷ್ಟ್ರಮಟ್ಟದಲ್ಲಿಯೂ ದ್ರಾಕ್ಷಾರಸದ ಸ್ಪರ್ಧೆಗಳು ನಡೆಯುತ್ತವೆ. ೧೯೨೪ರ ಒಪ್ಪಂದದಿಂದ ಹುಟ್ಟಿದ ಅಂತರರಾಷ್ಟ್ರೀಯ ದ್ರಾಕ್ಷಿ ಮತ್ತು ದ್ರಾಕ್ಷಾರಸ ಸಂಘಟನೆಯು ಇಂಥ ಸ್ಪರ್ಧೆಗಳಿಗೆ ನಿಯಮಾವಳಿಯನ್ನು ರೂಪಿಸಿದೆ. ಸೀಸೆಯ ಗುರುತನ್ನು ಮರೆಮಾಡಿ, ಸಂಖ್ಯೆಯಿಂದ ಮಾತ್ರ ತಿಳಿಸಿ, ನೋಟ, ವಾಸನೆ, ರುಚಿ, ಒಟ್ಟಿನ ಭಾವ ಇವುಗಳಿಗೆ ಬೇರೆ ಬೇರೆಯಾಗಿ ಅಂಕ ಕೊಟ್ಟು ನೂರಕ್ಕೆ ಕೂಡಿಸುವುದು ಕ್ರಮ. ಪದಕಗಳ ಸಂಖ್ಯೆಯು ಸ್ಪರ್ಧೆಗೆ ಬಂದ ಮಾದರಿಗಳ ಶೇಕಡ ಮೂವತ್ತನ್ನು ಮೀರತಕ್ಕದ್ದಲ್ಲ ಎಂಬುದೊಂದು ಕಟ್ಟಳೆ. ಎಲ್ಲರಿಗೂ ಪದಕ ಸಿಕ್ಕುವ ಸ್ಪರ್ಧೆಯಲ್ಲಿ ಪದಕಕ್ಕೆ ಬೆಲೆಯಿಲ್ಲವೆಂಬುದೇ ಇದರ ಹಿಂದಿನ ತತ್ತ್ವ.

ಹೆಸರು ಮರೆಮಾಡುವುದರಿಂದ ಏನಾಗುತ್ತದೆಂಬುದಕ್ಕೆ ೧೯೭೬ರಲ್ಲಿ ಪ್ಯಾರಿಸಿನಲ್ಲಿ ನಡೆದ ಪರೀಕ್ಷೆ ಪ್ರಸಿದ್ಧ ನಿದರ್ಶನ. ಫ್ರಾನ್ಸಿನ ಪರೀಕ್ಷಕರೇ ಹೆಸರು ತಿಳಿಯದೆ ರುಚಿನೋಡಿದಾಗ ಬಿಳಿಯದರಲ್ಲಿಯೂ ಕೆಂಪಿನದರಲ್ಲಿಯೂ ಮೊದಲ ಸ್ಥಾನ ಕ್ಯಾಲಿಫೋರ್ನಿಯದ್ದಾಯಿತು. ಹೆಸರಿಲ್ಲದ ನೆಲಕ್ಕೆ ಹೆಸರು ಬಂದಿತು. ನಮ್ಮ ದೇಶದ ದ್ರಾಕ್ಷಾರಸಗಳೂ ೧೮೮೩ರಲ್ಲಿ ಆರಂಭವಾದ ಕಲ್ಕತ್ತೆಯ ಅಂತರರಾಷ್ಟ್ರೀಯ ಪ್ರದರ್ಶನದಲ್ಲಿ ಮೆಚ್ಚುಗೆ ಪಡೆದಿದ್ದುವು; ಆದರೆ ಬಳ್ಳಿಯ ಬೇರನ್ನು ತಿನ್ನುವ ಫಿಲಾಕ್ಸೆರಾ ಕೀಟದ ಹಾವಳಿಯಿಂದ ಆ ತೋಟಗಳು ಹಾಳಾದುವು.

ಈ ಪರೀಕ್ಷಾ ಕ್ರಮವು ನಮಗೆ ಅಪರಿಚಿತವಾಗಿ ತೋರಬೇಕಾದುದಿಲ್ಲ. ಇತಿಹಾಸಕಾರನೂ ಆಧಾರಗಳನ್ನು ಹೀಗೆಯೇ ಪರೀಕ್ಷಿಸಬೇಕು. ಫಿರಿಸ್ತಾ ಎಂಬ ದೊಡ್ಡ ಹೆಸರನ್ನು ಬದಿಗಿಟ್ಟು ಅವನ ಮಾತನ್ನು ನೂನಿಜನ ಮಾತಿನ ಪಕ್ಕದಲ್ಲಿರಿಸಿ ತೂಗಿದಾಗಲೇ ರಾಯಚೂರಿನ ಸೋಲಿನ ನಿಜವಾದ ಕಾರಣ ಹೊಳೆಯುತ್ತದೆ.

೭. ಉಪಸಂಹಾರ

ಮದ್ಯಪಾನದಿಂದ ಮನೆಗಳು ಹಾಳಾದುದನ್ನು ಕಣ್ಣಾರೆ ಕಂಡ ನಾಡು ನಮ್ಮದು. ಮಾದಕ ಪಾನೀಯಗಳ ನಿಷೇಧಕ್ಕೆ ರಾಜ್ಯವು ಪ್ರಯತ್ನಿಸಬೇಕೆಂದು ಸಂವಿಧಾನದ ನಾಲ್ವತ್ತೇಳನೆಯ ಅನುಚ್ಛೇದವು ಹೇಳುತ್ತದೆ. ಅಂಥಲ್ಲಿ ದ್ರಾಕ್ಷಾರಸದ ತೋಟಗಳನ್ನು ಹೊಗಳುವುದು ಉಚಿತವೇ ಎಂದು ಕೇಳುವವರಿದ್ದಾರೆ. ಪ್ರಶ್ನೆ ನ್ಯಾಯವಾದುದು. ದ್ರಾಕ್ಷಿಯನ್ನು ತಿನ್ನುವ ಹಣ್ಣಾಗಿಯೂ ಒಣದ್ರಾಕ್ಷಿಯಾಗಿಯೂ ಮಾರಲು ದಾರಿಯುಂಟೆಂಬುದನ್ನು ವಿಜಯಪುರದ ರೈತರು ತೋರಿಸಿದ್ದಾರೆ. ಆದುದರಿಂದ ಬೆಳೆಯ ವಿಚಾರ ಬೇರೆ, ಕುಡಿತದ ವಿಚಾರ ಬೇರೆ.

ಒಟ್ಟಿನಲ್ಲಿ ನಮಗೆ ತೋರುವುದಿಷ್ಟು. ಎಡೆದೊರೆಯ ಹಳೆಯ ಕಥೆಗಳಲ್ಲಿ ದ್ರಾಕ್ಷಾರಸವು ಹೊರಗಿನಿಂದ ಬಂದ ಅರಸರ ಮತ್ತಾಗಿತ್ತು. ನಾಡಿಗೆ ಅದರಿಂದ ದೊರೆತದ್ದು ಮುದಗಲ್ಲಿನ ರಕ್ತಪಾತ. ಇಂದು ಇದೇ ನಾಡಿನ ಮಸಾರಿ ನೆಲವು ಬಳ್ಳಿಗೆ ತಕ್ಕುದೆಂದು ತಿಳಿದುಬಂದಿದೆ. ಸಿಂಧನೂರಿನ ಎರೆಯಲ್ಲಿ ಭತ್ತದ ಕಾಲುವೆಯು ಎಪ್ಪತ್ತು ವರ್ಷಗಳಲ್ಲಿ ಏನನ್ನು ಕೊಟ್ಟಿತು, ಏನನ್ನು ಕೆಡಿಸಿತು ಎಂಬುದನ್ನು ನೋಡಿದವರು, ಲಿಂಗಸುಗೂರು ಮಸ್ಕಿಗಳ ಬಡ ನೆಲಕ್ಕೆ ಹೊಸ ಬೆಳೆಯನ್ನು ತರುವಾಗ ಅವಸರಪಡಲಾರರು. ನಮ್ಮ ವಿದ್ಯಾರ್ಥಿಗಳು ತಮ್ಮ ತಮ್ಮ ಊರಿನ ಹೊಲಗಳ ಹೆಸರು, ಮಣ್ಣಿನ ಬಗೆ, ಬಾವಿಯ ನೀರಿನ ರುಚಿ, ಹಿಂದೆ ಬೆಳೆಯುತ್ತಿದ್ದ ಬೆಳೆಗಳು ಇವನ್ನು ಹಿರಿಯರಿಂದ ಕೇಳಿ ಬರೆದಿಡುವುದಾದರೆ, ಮುಂದೆ ಎಂದಾದರೂ ಎಲ್ಲೆಕಟ್ಟುವ ಕಾಲ ಬಂದಾಗ ಅದೇ ಪ್ರಥಮ ದಾಖಲೆಯಾದೀತು. ಅಂಥ ಸಂಗ್ರಹಕ್ಕೆ ಶಾಸನದ ಕಲ್ಲು ಬೇಕಾಗಿಲ್ಲ, ಒಂದು ಪುಸ್ತಕವೂ ಸ್ವಲ್ಪ ಸಾವಧಾನವೂ ಸಾಕು.